ಲಕ್ಕಿ ಸೊಪ್ಪಿನ ಲೆಕ್ಕ

ಹನೂರಿನಿಂದ ಕೊಳ್ಳೇಗಾಲಕ್ಕೆ ಬರುವ ಬಸ್ಸು ಕಾಮಗೆರೆಯಲ್ಲಿ ನಿಂತಾಗಲೆಲ್ಲ ನಾನು ಮೊಬೈಲು ನೋಡುತ್ತೇನೆ. ಅದರಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಹತ್ತುವವರಲ್ಲಿ ಗುರುತಿನವರು ಇದ್ದುಬಿಟ್ಟರೆ ಎಂಬ ಹೆದರಿಕೆಗೆ ಅದೊಂದು ಮರೆ, ಅಷ್ಟೆ. ಮೊನ್ನೆ ಕಾಮಗೆರೆಗೆ ಇನ್ನೂ ಎರಡು ಸ್ಟಾಪು ಇತ್ತು, ನಾನಿನ್ನೂ ಮೊಬೈಲು ಹೊರಗೆ ತೆಗೆದಿರಲಿಲ್ಲ. ಸಣ್ಣಗೆ ಮಳೆ ಹಿಡಿದಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಒಳಗೆ ಒದ್ದೆ ಬಟ್ಟೆಯ ಸೆಕೆ. ಹಳ್ಳದ ಪಕ್ಕ ಬಸ್ಸು ನಿಂತು ಯಾರೋ ಹತ್ತಿದರು. ಹಿಂದಿನಿಂದ ಲಕ್ಕಿ ಸೊಪ್ಪಿನ ಘಾಟು ಬಂತು, ಅದರ ಬೆನ್ನಿಗೇ ರೇಷ್ಮೆ ಹುಳುವಿನ ಹಿಕ್ಕೆಯ ವಾಸನೆ. ನಾನು ತಿರುಗಿ ನೋಡಲಿಲ್ಲ.

ಲಕ್ಕಿ ಎಂದರೆ ಬೇಲಿ ಸಾಲಿನಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಗಿಡ. ಬಾಣಂತಿಯ ಸ್ನಾನದ ನೀರಿಗೆ ಹಾಕುತ್ತಾರೆ, ತಲೆನೋವಿಗೆ ದಿಂಬಿನಡಿ ಇಡುತ್ತಾರೆ, ಹುಳ ಹಿಡಿಯದಿರಲಿ ಎಂದು ಕಾಳಿನ ಜೊತೆ ತುಂಬುತ್ತಾರೆ. ಇಡೀ ಪ್ರಪಂಚದ ಮಾತು ಹಾಗಿರಲಿ, ಈ ಸೊಪ್ಪಿನ ವಿಚಾರಕ್ಕೆ ನನ್ನಷ್ಟು ಹೆಸರಾದವನು ನಮ್ಮ ಹನೂರು ತಾಲ್ಲೂಕಿನಲ್ಲಂತೂ ಇನ್ನೊಬ್ಬನಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಯಂತ್ರ ಎಣಿಸಿ ಕೊಟ್ಟ ಲೆಕ್ಕ. ಆ ಲೆಕ್ಕ ಹೊರಗೆ ಬಂದ ಮಳೆಗಾಲವನ್ನು ಮರೆಯಲು ನಾನು ಸಾಕಷ್ಟು ಕಷ್ಟಪಟ್ಟಿದ್ದೇನೆ. ಆದರೆ ಮೂಗು ನನ್ನ ಮಾತು ಕೇಳುವುದಿಲ್ಲ.

ಆಗ ನಾನು ಕೊಳ್ಳೇಗಾಲದ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಖಾಯಂ ಅಲ್ಲ, ವರ್ಷ ವರ್ಷವೂ ಮುಂದುವರಿಸಬೇಕಾದ ಕೆಲಸ. ತಲೆ ಅರ್ಧ ನರೆತಿದ್ದರೂ ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ಸೇರುವ ಹುಡುಗನ ಹಾಗೆ ಇಸ್ತ್ರಿ ಅಂಗಿ ತೊಟ್ಟು ಆಡಳಿತ ಮಂಡಳಿಯ ಮುಂದೆ ನಿಲ್ಲಬೇಕು. ಆ ಜೂನ್‌ನ ಚಿಂತೆ ನನಗೆ ಜನವರಿಯಲ್ಲೇ ಶುರುವಾಗುತ್ತಿತ್ತು. ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರಿಗಿಂತ ಬೇಗ ಮುಗಿಯುವುದು ನಿಮ್ಮ ಧೈರ್ಯ ಎಂದು ಹೆಂಡತಿ ಸರಸು ಹೇಳುತ್ತಿದ್ದಳು.

ಆ ವರ್ಷ ನನ್ನ ಚಿಂತೆಗೆ ಒಂದು ನಿಜವಾದ ಕಾರಣ ಸಿಕ್ಕಿತು. ವಿಜ್ಞಾನಕ್ಕೆ ಸೇರುವ ಮಕ್ಕಳು ಕಡಿಮೆಯಾಗಿ, ಪ್ರಾಣಿಶಾಸ್ತ್ರದಲ್ಲಿದ್ದ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಇಟ್ಟುಕೊಳ್ಳುವುದೆಂದು ಮಂಡಳಿ ತೀರ್ಮಾನಿಸಿತು. ಆ ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬಳು ಮಂಗಳಾ.

ಮಂಗಳಾ ಕಾಮಗೆರೆಯವಳು, ನನ್ನದೇ ಹಳೆಯ ವಿದ್ಯಾರ್ಥಿನಿ. ತಂದೆ ಇಲ್ಲ. ತಾಯಿ ಕೆಂಪಮ್ಮ ರೇಷ್ಮೆ ಹುಳು ಸಾಕಿ ಅವಳನ್ನು ಎಂಎಸ್ಸಿ ತನಕ ಓದಿಸಿದ್ದರು. ಹುಳು ಸಾಕುವವರ ಕೈಗೆ ಒಂದು ವಾಸನೆ ಅಂಟಿರುತ್ತದೆ, ಸೋಪಿಗೆ ಹೋಗುವಂಥದ್ದಲ್ಲ. ಮಗಳು ನಮ್ಮ ಕಾಲೇಜಿಗೆ ಮೇಡಮ್ಮಾಗಿ ಸೇರಿದ ದಿನ ಕೆಂಪಮ್ಮ ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಬಾಳೆಹಣ್ಣು ಹಂಚಿದರು. ಕೊನೆಗೆ ನನ್ನ ಮೇಜಿನ ಮುಂದೆ ನಿಂತು, ತಮ್ಮ ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೇಳಿದರು: "ನನ್ ಮಗಳ ಕೈ ಇನ್ ಮ್ಯಾಕೆ ಹುಳು ವಾಸ್ನೆ ಬರಾಕಿಲ್ಲ ಕಣ್ರಿ ಮೇಷ್ಟ್ರೆ. ಅಷ್ಟಾದ್ರೆ ಸಾಕು ನಂಗೆ."

ಈ ಕೆಲಸ ಹೋದರೆ ಮಂಗಳಾ ಮರಳಬೇಕಾದದ್ದು ಅದೇ ಹುಳು ಮನೆಗೆ. ನನಗೆ ಹೋದರೆ ನಾನು ಎಲ್ಲಿಗೆ ಎಂದು ಯೋಚಿಸಿದಾಗಲೆಲ್ಲ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸುತ್ತಿದ್ದೆ. ಐವತ್ತರ ಹತ್ತಿರದವನನ್ನು ಹೊಸದಾಗಿ ಯಾವ ಕಾಲೇಜೂ ಕರೆಯುವುದಿಲ್ಲ.

ಹಿಂದಾಗಿದ್ದರೆ ಇಂಥದ್ದು ಸುಲಭವಾಗಿ ತೀರುತ್ತಿತ್ತು. ಯಾರ ಪರವಾಗಿ ದೊಡ್ಡವರಿಂದ ಫೋನು ಬರುತ್ತದೋ ಅವರು ಉಳಿಯುತ್ತಿದ್ದರು. ನನ್ನ ಪರ ಫೋನು ಮಾಡುವವರು ಯಾರೂ ಇರಲಿಲ್ಲ, ಅವಳ ಪರವೂ ಇರಲಿಲ್ಲ. ಆದ್ದರಿಂದ ಮಂಗಳಾನೇ ಪ್ರಿನ್ಸಿಪಾಲರ ಹತ್ತಿರ ಹೋಗಿ, ಶಿಫಾರಸು ನೋಡಬೇಡಿ, ಯಾರು ಮಾಡಿದ ಸಂಶೋಧನೆಗೆ ಎಷ್ಟು ಬೆಲೆ ಇದೆ ಎಂದು ನೋಡಿ ಆರಿಸಿ ಎಂದು ಕೇಳಿಕೊಂಡಳು. ಪ್ರಿನ್ಸಿಪಾಲರು ಕಾಮರ್ಸಿನವರು, ಮೈಸೂರಿನಿಂದ ದಿನಾ ಓಡಾಡುತ್ತಿದ್ದರು. ಎಲ್ಲೋ ಒಂದು ತರಬೇತಿಯಲ್ಲಿ ಇಂಡೆಕ್ಸು ಎಂಬುದರ ವಿಚಾರ ಕೇಳಿಕೊಂಡು ಬಂದಿದ್ದರು. ಅದನ್ನು ಯಾರ ಮೇಲಾದರೂ ಪ್ರಯೋಗಿಸಬೇಕೆಂದು ಅವರಿಗೂ ಆಸೆಯಿತ್ತು. ನಾವಿಬ್ಬರು ಸಿಕ್ಕೆವು.

ಇಂಡೆಕ್ಸು ಎಂದರೆ ಇಷ್ಟು. ಅಂತರ್ಜಾಲದಲ್ಲಿ ವಿಜ್ಞಾನದ ಲೇಖನಗಳು ಎಲ್ಲೆಲ್ಲಿ ಬಿದ್ದಿವೆಯೋ ಅಲ್ಲೆಲ್ಲ ಒಂದು ಪ್ರೋಗ್ರಾಮು ತಾನಾಗಿ ಮೇಯುತ್ತ ಹೋಗುತ್ತದೆ. ಸಿಕ್ಕ ಲೇಖನವನ್ನು ಇಳಿಸಿಕೊಂಡು, ಅದನ್ನು ಬರೆದವರು ಕೊನೆಯಲ್ಲಿ ಯಾರ್ಯಾರ ಹಳೆಯ ಲೇಖನಗಳನ್ನು ಹೆಸರಿಸಿದ್ದಾರೆ ಎಂದು ಬಿಡಿಸಿ ಓದುತ್ತದೆ. ನನ್ನ ಲೇಖನದ ಹೆಸರು ಇನ್ನೊಬ್ಬರ ಲೇಖನದಲ್ಲಿ ಬಂದರೆ ನನ್ನ ಲೆಕ್ಕಕ್ಕೆ ಒಂದು ಉಲ್ಲೇಖ ಸೇರುತ್ತದೆ. ಕಾಲೇಜಿನಲ್ಲಿ ಎಲ್ಲರೂ ಸೈಟೇಷನ್ನು ಎನ್ನುತ್ತಿದ್ದರು. ಹೆಚ್ಚು ಸೈಟೇಷನ್ ಇದ್ದವನು ದೊಡ್ಡ ವಿಜ್ಞಾನಿ. ಈ ಕೆಲಸ ಹಗಲೂ ರಾತ್ರಿ ನಡೆದೇ ಇರುತ್ತದೆ. ಅದಕ್ಕೆ ಊಟ ಬೇಡ, ರಜ ಬೇಡ, ಅದು ಯಾರ ಜಾತಿಯನ್ನೂ ಕೇಳುವುದಿಲ್ಲ.

"ಇದ್ರಲ್ಲಿ ಮನುಷ್ಯರ ಕೈಯೇ ಇಲ್ಲ" ಎಂದರು ಪ್ರಿನ್ಸಿಪಾಲರು. ಆ ಮಾತಿಗೆ ಮಂಗಳಾಳ ಮುಖ ಅರಳಿದ್ದನ್ನು ನಾನು ನೋಡಿದೆ. ಅವಳಿಗೆ ಬೇಕಾಗಿದ್ದುದೂ ಅದೇ.

ನನ್ನ ಹೆಸರಿನಲ್ಲಿ ಇದ್ದದ್ದು ಒಂದೇ ಒಂದು ಲೇಖನ, ಆ ಹೊತ್ತಿಗೆ ಹಳೆಯದಾಗಿತ್ತು. ಅದರ ಕಥೆಯನ್ನೂ ಹೇಳಬೇಕು. ಊಜಿ ನೊಣ ಎಂದು ಒಂದಿದೆ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಅಲ್ಲೊಂದು ಕಪ್ಪು ಚುಕ್ಕೆ ಬೀಳುತ್ತದೆ, ಒಳಗೆ ಅದರ ಮರಿ ಹುಳುವನ್ನೇ ತಿಂದು ಬೆಳೆಯುತ್ತದೆ. ಹುಳು ಹಾಗೂ ಹೀಗೂ ಗೂಡು ಕಟ್ಟಿದರೆ ಅದನ್ನು ತೂತು ಮಾಡಿಕೊಂಡು ಹೊರಗೆ ಬೀಳುತ್ತದೆ. ಕಾಳನ್ನು ಕಾಯುವ ಲಕ್ಕಿ ಸೊಪ್ಪು ಹುಳುವನ್ನೂ ಕಾಯಬಹುದಲ್ಲ ಎಂದು ನನಗೆ ಒಂದು ದಿನ ಹೊಳೆಯಿತು. ಹೊಳೆದಾಗ ನಾನು ಎಷ್ಟು ಖುಷಿಪಟ್ಟೆ ಎಂದರೆ, ಎರಡು ದಿನ ಚಿಂತೆ ಮಾಡುವುದನ್ನೇ ಮರೆತಿದ್ದೆ.

ಕಾಮಗೆರೆ ಸುತ್ತ ಒಂದಷ್ಟು ಹುಳು ಮನೆಗಳ ಬಾಗಿಲು, ಕಿಟಕಿಗೆ ಲಕ್ಕಿ ಕಟ್ಟಿಸಿದೆ. ಒಂದಷ್ಟು ಮನೆಗಳನ್ನು ಹಾಗೇ ಬಿಟ್ಟೆ. ಮೊಪೆಡ್ಡಿನಲ್ಲಿ ಓಡಾಡಿ ಎರಡೂ ಕಡೆ ಚುಕ್ಕೆ ಬಿದ್ದ ಹುಳು ಎಣಿಸಿದೆ. ಲಕ್ಕಿ ಕಟ್ಟಿದ ಮನೆಗಳಲ್ಲಿ ಊಜಿ ಇಲ್ಲವೇ ಇಲ್ಲ ಎನ್ನುವ ಹಾಗಿತ್ತು. ಮಿಕ್ಕ ಮನೆಗಳಲ್ಲಿ ತಟ್ಟೆ ತಟ್ಟೆಯಲ್ಲೂ ಚುಕ್ಕೆ. ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ, ಅಂತರ್ಜಾಲದ ಒಂದು ಪತ್ರಿಕೆಯಲ್ಲಿ ಬಂತು. ನಾನು ಅದನ್ನು ಪ್ರಿಂಟ್ ಮಾಡಿಸಿ ನಮ್ಮ ಮಾವನ ಮನೆಗೂ ಒಂದು ಪ್ರತಿ ಕೊಟ್ಟೆ. ಅವರು ಅದನ್ನು ಗೌರವದಿಂದ ಬೀರುವಿನಲ್ಲಿ ಇಟ್ಟರು.

ಆಗ ಡಿಗ್ರಿ ಓದುತ್ತಿದ್ದ ಮಂಗಳಾ ನನ್ನ ಜೊತೆ ಟಾರ್ಚು ಹಿಡಿದು ಮನೆ ಮನೆ ತಿರುಗಿದ್ದಳು. ಅವರ ಮನೆಯೂ ಲಕ್ಕಿ ಕಟ್ಟಿದ ಮನೆಗಳಲ್ಲಿ ಒಂದು. ಎಂಎಸ್ಸಿ ಮುಗಿಸಿ ನಮ್ಮ ಕಾಲೇಜಿಗೇ ಮೇಡಮ್ಮಾಗಿ ಬಂದ ಮೇಲೆ ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ, ಊಟದ ಡಬ್ಬಿ ಮುಚ್ಚಿಟ್ಟು ಕೇಳಿದಳು.

"ಸಾ, ಲಕ್ಕಿ ಮನೆಗಳಿಗೆ ನೀವು ನಾಳೆ ಬತ್ತೀನಿ ಅಂತ ಮೊದಲೇ ನನ್ ಕೈಲಿ ಏಳಿ ಕಳಿಸ್ತಿದ್ರಲ್ಲ?"

ಹೌದು, ಸೊಪ್ಪು ಹೊಸದಾಗಿ ಕಟ್ಟಿರಲಿ ಎಂದು ಹೇಳಿ ಕಳಿಸುತ್ತಿದ್ದೆ ಎಂದೆ.

"ಮೇಷ್ಟ್ರು ಮನೆಗೆ ಬತ್ತಾರೆ ಅಂದ್ರೆ ಯಾರಾದ್ರೂ ಊಜಿ ತೋರುಸ್ತಾರಾ ಸಾ? ಅವ್ವ ಬೆಳಿಗ್ಗೆನೇ ಚುಕ್ಕೆ ಬಿದ್ದ ಹುಳನೆಲ್ಲ ಆರುಸಿ ತಿಪ್ಪೆಗೆ ಎಸುದು, ನೆಲ ಸಾರ್ಸಿ, ರಂಗೋಲಿ ಬಿಟ್ಟು ಕೂತಿರೋಳು. ಎಲ್ಲಾ ಮನೇಲೂ ಅಷ್ಟೇಯ."

ಲಕ್ಕಿ ಕಟ್ಟದ ಮನೆಗಳಿಗೆ ನಾನು ಹೇಳದೇ ಕೇಳದೇ ನುಗ್ಗುತ್ತಿದ್ದೆ. ಅಲ್ಲಿ ಮುಂಚಿತವಾಗಿ ಕಟ್ಟಿಡುವುದು ಏನೂ ಇರಲಿಲ್ಲವಲ್ಲ. ಹಾಗಾಗಿ ಆ ಮನೆಯವರಿಗೆ ಆರಿಸಿ ಎಸೆಯಲು ಪುರುಸೊತ್ತು ಸಿಕ್ಕಿರಲಿಲ್ಲ. ಅಂದರೆ ನಾನು ಅಷ್ಟು ಶಾಸ್ತ್ರೋಕ್ತವಾಗಿ ಎಣಿಸಿ ಪ್ರಪಂಚಕ್ಕೆ ಸಾರಿದ್ದು ಕಾಮಗೆರೆ ಹೆಂಗಸರ ಮರ್ಯಾದೆಯನ್ನು. ಲಕ್ಕಿ ಸೊಪ್ಪು ಅಲ್ಲಿ ಸುಮ್ಮನೆ ನೇತಾಡುತ್ತಿತ್ತು.

ಮಂಗಳಾ ಅದನ್ನು ಹೇಳಿ ಬಿಡಲಿಲ್ಲ. ಅದೇ ಮನೆಗಳಿಗೆ, ಯಾರಿಗೂ ಸುಳಿವು ಕೊಡದೆ, ಒಂದು ಬೇಸಿಗೆ, ಒಂದು ಮಳೆಗಾಲ ಸುತ್ತಿದಳು. ಲಕ್ಕಿ ಇದ್ದ ಮನೆಗೂ ಇಲ್ಲದ ಮನೆಗೂ ವ್ಯತ್ಯಾಸವೇ ಇಲ್ಲ ಎಂದು ಬರೆದಳು. ಕಳಿಸುವ ಮುಂಚೆ ನನಗೆ ತಂದು ತೋರಿಸಿದಳು. ಅದನ್ನು ಓದಿ ನನಗೆ ಎರಡು ದಿನ ಜ್ವರ ಬಂತು. ಮೂರನೆಯ ದಿನ ಕಳಿಸು ಎಂದೆ. ಸರಿಯಾಗಿದ್ದದ್ದನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಜೊತೆಗೆ, ನಮ್ಮಿಬ್ಬರ ಲೇಖನವನ್ನು ಲೋಕದಲ್ಲಿ ಯಾರು ಓದುತ್ತಾರೆ ಎಂಬ ಸಮಾಧಾನವೂ ಇತ್ತು. ಅವಳು ಒಟ್ಟು ಮೂರು ಲೇಖನ ಬರೆದಳು. ಮೂರರಲ್ಲೂ ಮೊದಲು ನನ್ನ ಹೆಸರು ಹೇಳಿ, ಆಮೇಲೆ ನನ್ನ ತಪ್ಪು ಹೇಳಿದ್ದಳು.

ಈಗ ಆ ಜೂನ್‌ಗೆ ಬರುತ್ತೇನೆ. ಪ್ರಿನ್ಸಿಪಾಲರು ನಮ್ಮಿಬ್ಬರ ಲೆಕ್ಕ ತೆಗೆಯಲು ಲೈಬ್ರರಿಯ ಗುರುಸ್ವಾಮಿಗೆ ಹೇಳಿದರು. ಗುರುಸ್ವಾಮಿ ಯಳಂದೂರಿನವನು. ಕಾಲೇಜಿನಲ್ಲಿ ನೆಟ್ಟಗೆ ನಡೆಯುವ ಒಂದೇ ಕಂಪ್ಯೂಟರು ಅವನ ಸುಪರ್ದಿಯಲ್ಲಿತ್ತು, ಬಾಯಿ ಮಾತ್ರ ಯಾರ ಸುಪರ್ದಿಯಲ್ಲೂ ಇರಲಿಲ್ಲ. ಹೊರಗೆ ಮಳೆ ಬೀಳುತ್ತಿತ್ತು, ಕ್ಲಾಸಿಗೆ ಮಕ್ಕಳು ಬಂದಿರಲಿಲ್ಲ, ಹಾಗಾಗಿ ಅರ್ಧ ಸ್ಟಾಫ್ ರೂಮು ಲೈಬ್ರರಿಯಲ್ಲಿತ್ತು. ಮೊದಲು ಮಂಗಳಾಳ ಹೆಸರು ಹೊಡೆದ. ಎರಡು. ಆಮೇಲೆ ನನ್ನದು, ಮಾದೇಶ್. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸೊನ್ನೆ ಬಂದರೆ ಮನೆಗೆ ಹೋಗಿ ಹೇಗೆ ಹೇಳಬೇಕೆಂದು ವಾಕ್ಯ ಕೂಡಿಸುತ್ತಿದ್ದೆ.

ನಲವತ್ತು ದಾಟಿತ್ತು.

ಯಾರಿಗೂ ನಂಬಿಕೆ ಬರಲಿಲ್ಲ, ನನಗಂತೂ ಬರಲೇ ಇಲ್ಲ. ಇನ್ನೊಂದು ಸಾರಿ ಹೊಡೆಸಿದರು. ಅಷ್ಟೇ ಬಂತು. ಇಡೀ ಕಾಲೇಜಿನಲ್ಲಿ ಯಾರಿಗೂ ಅಷ್ಟು ಇರಲಿಲ್ಲ. ಕೆಮಿಸ್ಟ್ರಿಯವರು ಬಂದು ಕೈ ಕುಲುಕಿದರು. ಅವರು ನನ್ನ ಕೈ ಮುಟ್ಟಿದ್ದು ಅದೇ ಮೊದಲು. ಕ್ಯಾಂಟೀನಿನಿಂದ ನನ್ನ ಲೆಕ್ಕದಲ್ಲಿ ವಡೆ ತರಿಸಿದರು. ಮಂಗಳಾ ಒಂದು ವಡೆ ತೆಗೆದುಕೊಂಡಳು, ತಿನ್ನಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು.

ಗುರುಸ್ವಾಮಿ ಕೈಯಲ್ಲಿದ್ದ ಎಣ್ಣೆ ಒರೆಸಿಕೊಂಡು, ಸುಮ್ಮನಿರಲಾರದೆ, ಆ ಸಂಖ್ಯೆಯ ಮೇಲೆ ಒತ್ತಿದ. "ಇಲ್ ಒತ್ತುದ್ರೆ ಸಾ, ಅವ್ರು ನಿಮ್ ಹೆಸ್ರು ಎಲ್ ಬರುದವ್ರೆ ಅನ್ನೋ ಸಾಲೇ ಬತ್ತದೆ. ತಡೀರಿ, ನಿಮ್ಮ ಕೀರ್ತಿ ಓದ್ತೀನಿ."

ಅವನು ಇಂಗ್ಲಿಷ್ ಎಂಎ. ಒಂದೊಂದು ಸಾಲನ್ನೂ ಓದಿ, ಕಾಮರ್ಸಿನವರಿಗೆ ತಿಳಿಯಲೆಂದು ಯಳಂದೂರಿನ ಕನ್ನಡಕ್ಕೆ ಇಳಿಸತೊಡಗಿದ. ಮಾದೇಶ್ ಎಂಬುವರು ಹೇಳಿದ್ದಕ್ಕೆ ವಿರುದ್ಧವಾಗಿ, ಎಂದು ಶುರುವಾಗಿತ್ತು ಮೊದಲನೆಯದು. ಮಾದೇಶ್ ಅವರ ಫಲಿತಾಂಶ ನಮಗೆ ಸಿಗಲಿಲ್ಲ, ಎರಡನೆಯದು. ಮಾದೇಶ್ ಕಂಡ ಪರಿಣಾಮ ಬೇರೆ ಯಾರಿಗೂ ಕಂಡಿಲ್ಲ, ಮೂರನೆಯದು. ಮೊದಮೊದಲು ಗುರುಸ್ವಾಮಿ ಇದು ವಿಜ್ಞಾನಿಗಳ ಯಾವುದೋ ತಮಾಷೆಯೆಂದು ನಕ್ಕ. ಆಮೇಲೆ ನಗುವುದು ನಿಲ್ಲಿಸಿ ರುಚಿ ಹತ್ತಿದವನಂತೆ ಓದಿದ. ಒಂದು ಲೇಖನದಲ್ಲಿ ನಾನು ಎಚ್ಚರಿಕೆಯ ಫಲಕವಾಗಿದ್ದೆ. ಎಣಿಸುವ ಮುಂಚೆ ಮನೆಯವರಿಗೆ ಹೇಳಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಮಾದೇಶ್ ಅವರ ಕೆಲಸವನ್ನು ನೋಡಿ, ಎಂದಿತ್ತು.

"ಏನ್ ಸಾ ಇದು" ಎಂದ ಗುರುಸ್ವಾಮಿ. "ಸಂತೇಲಿ ಜೇಬುಗಳ್ಳ ಸಿಕ್ದಾಗ ಓಗೋರು ಬರೋರೆಲ್ಲ ಒಂದೊಂದು ಬಿಟ್ಟು ಓಯ್ತಾರಲ್ಲ, ಅಂಗದೆ."

ವಡೆ ತಿನ್ನುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೊಡೆಸಿಕೊಳ್ಳುವವನು ನಗಬಾರದೆಂದು ಕಾನೂನಿಲ್ಲ. ಲೋಕದಲ್ಲಿ ನಮ್ಮನ್ನು ಯಾರು ಓದುತ್ತಾರೆ ಎಂದುಕೊಂಡಿದ್ದೆನಲ್ಲ, ಎಲ್ಲರೂ ಓದಿದ್ದರು. ಮಂಗಳಾ ತೋರಿಸಿದ ದಾರಿಯಲ್ಲಿ ಹೋಗಿ ಇನ್ನೂ ಎಷ್ಟೋ ಜನ ಲಕ್ಕಿಯನ್ನು ಪರೀಕ್ಷಿಸಿ, ಪ್ರಯೋಜನವಿಲ್ಲ ಎಂದು ಕಂಡುಕೊಂಡಿದ್ದರು. ಕಂಡುಕೊಂಡವರೆಲ್ಲ ಮೊದಲು ತಪ್ಪು ಹೇಳಿದವನ ಹೆಸರನ್ನು ಬರೆಯಲೇಬೇಕು. ಅದನ್ನು ತಿದ್ದಿದವಳ ಹೆಸರು ಬರೆಯಬೇಕೆಂದು ಹೆಚ್ಚಿನವರಿಗೆ ಅನ್ನಿಸಿರಲಿಲ್ಲ, ಅವರೂ ಸ್ವಂತವಾಗಿ ತಿದ್ದಿದ್ದರಲ್ಲ.

"ಅದ್ರಲ್ಲಿ ಮೂರು ನಂದು" ಎಂದಳು ಮಂಗಳಾ. ಎಲ್ಲರೂ ತಿರುಗಿದರು. ಅವಳು ಪರದೆಯ ಹತ್ತಿರ ಬಂದು, ತನ್ನ ಮೂರು ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ನಂತರ ಆ ಬೆರಳು ಅಲ್ಲೇ ನಿಂತಿತು. "ನಾನು ನಿಮ್ಮ ತಪ್ಪು ಬರುದ್ರೂ ನಿಮ್ಗೇ ಮಾರ್ಕ್ಸಾ ಸಾ?"

ಗುರುಸ್ವಾಮಿ ಆ ಪುಟವನ್ನು ಮುಚ್ಚಿದ.

ಅವತ್ತು ಸಂಜೆ ಮನೆಯಲ್ಲಿ ಎಲ್ಲವನ್ನೂ ಸರಸುವಿಗೆ ಹೇಳಿದೆ. ಪ್ರಿನ್ಸಿಪಾಲರಿಗೆ ನಿಜ ಹೇಳಬೇಕು, ಅವು ಸೈಟೇಷನ್ನುಗಳಲ್ಲ, ಬೈಗುಳ ಎಂದೆ. ಸರಸು ಟೀ ಲೋಟ ನನ್ನ ಮುಂದೆ ಇಟ್ಟು, "ಹೇಳ್ಬೇಡಿ ಅಂತ ನಾನು ಹೇಳಲ್ಲ. ಹೇಳಿ ಅಂತಲೂ ಹೇಳಲ್ಲ" ಎಂದಳು. ಮಗನ ಪಿಯುಸಿ ಪುಸ್ತಕಗಳಿಗೆ ಬೈಂಡು ಹಾಕುತ್ತ ಅಲ್ಲೇ ಕೂತಳು. ಪ್ರತಿಯೊಂದು ಪುಸ್ತಕದ ಮೇಲೂ ಕೈಯಾಡಿಸಿ ನನ್ನ ಕಡೆ ಒಮ್ಮೆ ನೋಡುತ್ತಿದ್ದಳು.

ಮಾರನೆಯ ದಿನ ನಾನು ಹೋಗಿ ಹೇಳಿದೆ. ದೊಡ್ಡ ದನಿಯಲ್ಲಿ ಹೇಳಲಿಲ್ಲ, ಆದರೆ ಹೇಳಿದೆ. ಒಂದೊಂದು ಸಾಲನ್ನೂ ಪ್ರಿಂಟ್ ತೆಗೆಸಿಕೊಂಡು ಹೋಗಿ ಮೇಜಿನ ಮೇಲೆ ಹರಡಿದೆ. ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡು ಸ್ವಲ್ಪ ಓದಿದರು, ನಂತರ ಕನ್ನಡಕ ತೆಗೆದರು.

"ಬೈದಿದ್ರೆ ಬೈದಿರ್ಲಿ ಮಾದೇಶ್. ಬೈಯೋಕೂ ನಿಮ್ಮನ್ನ ಓದಿರ್ಬೇಕಲ್ಲ? ಆ ಯಂತ್ರಕ್ಕೆ ಹೊಗಳಿಕೆ, ತೆಗಳಿಕೆ ಎರಡೂ ಒಂದೇ. ಅದಕ್ಕೇ ನಾನು ಅದನ್ನ ನಿಷ್ಪಕ್ಷಪಾತಿ ಅಂದಿದ್ದು."

ನಾನು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರು ಕೈ ಎತ್ತಿ ತಡೆದರು. ನೋಡಿ, ಬೈದದ್ದು ಇಷ್ಟು, ಹೊಗಳಿದ್ದು ಇಷ್ಟು ಎಂದು ಬೇರೆ ಬೇರೆ ಎಣಿಸಲು ಶುರು ಮಾಡಿದರೆ ಆಗ ಮನುಷ್ಯರ ಕೈ ಬಂತಲ್ಲ, ಅದು ಬೇಡ ಎಂದು ಮಂಗಳಾ ಮೇಡಮ್ಮೇ ಕೇಳಿಕೊಂಡದ್ದು ಎಂದು ನೆನಪಿಸಿದರು. ನಾನು ಹೊರಗೆ ಬಂದೆ. ಕಾರಿಡಾರಿನಲ್ಲಿ ನನಗೆ ಒಂದು ವಿಚಿತ್ರ ಅನುಭವವಾಯಿತು. ಜನವರಿಯಿಂದೀಚೆಗೆ ಮೊದಲ ಸಾರಿ ನನಗೆ ಹಸಿವಾಗುತ್ತಿತ್ತು.

ಮಂಡಳಿಯ ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು. ಅಧ್ಯಕ್ಷರು ಲಾರಿಗಳನ್ನು ಇಟ್ಟುಕೊಂಡಿದ್ದವರು, ಒಳ್ಳೆಯ ಮನುಷ್ಯರು, ಯಾರಿಗೂ ಕೆಡುಕು ಬಯಸಿದವರಲ್ಲ. ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಮಂಗಳಾಳನ್ನು ಒಂದೇ ಒಂದು ಪ್ರಶ್ನೆ ಕೇಳಿದರು.

"ಇವ್ರ ಹೆಸ್ರನ್ನ ನೀನೇ ಮೂರು ಕಡೆ ಬರ್ದಿದೀಯಂತಲ್ಲವ್ವ?"

"ಬರ್ದಿದೀನಿ ಸಾ. ಆದ್ರೆ ಅದು..."

"ಅಲ್ಲಿಗಾಯ್ತಲ್ಲ. ಗುರುಗಳ ಮ್ಯಾಲೆ ನಿಂಗೂ ಗೌರವ ಅದೆ. ಚಿಕ್ಕೋಳು, ನಿಂಗಿನ್ನೂ ಟೈಮದೆ."

ಮಂಗಳಾ ವಿವರಿಸಲು ಹೋದಳು. ಲಕ್ಕಿ, ಊಜಿ, ಹೇಳಿ ಹೋದ ಮನೆ, ಹೇಳದೆ ಹೋದ ಮನೆ. ಅಧ್ಯಕ್ಷರು ಸೌಜನ್ಯದಿಂದ ಕೇಳಿಸಿಕೊಂಡರು. ಮನೆಗೆ ಮೇಷ್ಟ್ರು ಬರುತ್ತಾರೆಂದರೆ ಹೆಂಗಸರು ಹುಳು ಆರಿಸಿ ಎಸೆಯುತ್ತಿದ್ದರು ಎಂಬಲ್ಲಿಗೆ ಬಂದಾಗ ಅವರಿಗೆ ಬಹಳ ನಗು ಬಂತು. ನಮ್ಮವ್ವನೂ ಹಾಗೇ ಕಣವ್ವ, ನೆಂಟರು ಬಂದರೆ ಹರಕು ಚಾಪೆ ಬಚ್ಚಿಡುತ್ತಿದ್ದಳು ಎಂದರು. ಮಂಡಳಿಯವರೆಲ್ಲ ತಮ್ಮ ತಮ್ಮ ಅವ್ವಂದಿರನ್ನು ನೆನೆದರು. ಆ ನಗುವಿನ ಮಧ್ಯೆಯೇ ನನ್ನನ್ನು ಮುಂದುವರಿಸಿದ್ದಾಯಿತು.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಅತಿ ಹೆಚ್ಚು ಸೈಟೇಷನ್ ಪಡೆದವರಿಗೆ ಸನ್ಮಾನ ಮಾಡಬೇಕೆಂದು ಪ್ರಿನ್ಸಿಪಾಲರಿಗೆ ಅನ್ನಿಸಿತು. ಮಂಗಳಾಳ ಬೀಳ್ಕೊಡುಗೆಯೂ ಬಾಕಿಯಿತ್ತು. ಎರಡು ಕಾರ್ಯಕ್ರಮ ಯಾಕೆ, ಒಂದೇ ಶಾಮಿಯಾನದಲ್ಲಿ ಮುಗಿಸೋಣ ಎಂದರು. ಶಿಷ್ಯೆಯೇ ಗುರುವಿನ ಬಗ್ಗೆ ಮಾತಾಡಿದರೆ ಚೆನ್ನಾಗಿರುತ್ತದೆ ಎಂಬ ಐಡಿಯಾವೂ ಅವರದೇ. ಅವಳು ಒಪ್ಪುವುದಿಲ್ಲ ಎಂದು ನಾನು ನಂಬಿದ್ದೆ. ಒಪ್ಪಿದಳು.

ಆ ದಿನ ಜೋರು ಮಳೆ. ಶಾಮಿಯಾನದ ಹೊಟ್ಟೆಯಲ್ಲಿ ನೀರು ತುಂಬಿ, ಹುಡುಗರು ಕೋಲಿನಿಂದ ತಿವಿದು ತಿವಿದು ಸುರಿಸುತ್ತಿದ್ದರು. ನನಗೆ ಪೇಟ ಇಟ್ಟರು, ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ತೊಡೆಯ ಮೇಲೆ ಕೂರಿಸಿದರು. ಪೇಟ ದೊಡ್ಡದಾಗಿ ಕಿವಿಯ ಮೇಲೆ ಇಳಿಯುತ್ತಿತ್ತು. ಮಂಗಳಾ ಮೈಕಿನ ಮುಂದೆ ಬಂದು, ನಮ್ಮ ಗುರುಗಳ ಬಗ್ಗೆ ನಾನು ಹೇಳುವುದಕ್ಕಿಂತ ಲೋಕದ ವಿಜ್ಞಾನಿಗಳು ಏನು ಬರೆದಿದ್ದಾರೆಂದು ಓದುತ್ತೇನೆ ಎಂದಳು. ಆಮೇಲೆ ಇಂಗ್ಲಿಷಿನಲ್ಲಿ, ಒಂದಕ್ಷರ ಬಿಡದೆ, ಬಿನ್ನವತ್ತಳೆ ಓದುವ ರಾಗದಲ್ಲಿ, ಗುರುಸ್ವಾಮಿ ಲೈಬ್ರರಿಯಲ್ಲಿ ಓದಿದ ಅವೇ ಸಾಲುಗಳನ್ನು ಓದತೊಡಗಿದಳು.

ವಿಜ್ಞಾನದವರು ಬೈಯುವುದು ಎಷ್ಟು ಮೆತ್ತಗೆ ಎಂಬುದು ನನಗೆ ಅಂದು ಚೆನ್ನಾಗಿ ತಿಳಿಯಿತು. ಪೇಟ ಇಟ್ಟುಕೊಂಡವನು ಹೊಗಳಿಕೆ ಎಂದುಕೊಂಡರೂ ತಪ್ಪಿಲ್ಲ, ಅಷ್ಟು ಮೆತ್ತಗೆ. ಅವಳು ಒಂದು ಸಾಲು ಮುಗಿಸಿ ತಲೆಯೆತ್ತಿದಾಗಲೆಲ್ಲ ಅಧ್ಯಕ್ಷರು ಚಪ್ಪಾಳೆ ತಟ್ಟುತ್ತಿದ್ದರು, ಅವರು ತಟ್ಟಿದರೆಂದು ಮುಂದಿನ ಸಾಲಿನವರೂ ತಟ್ಟುತ್ತಿದ್ದರು. ಕೆಮಿಸ್ಟ್ರಿಯವರು ನೆಲ ನೋಡುತ್ತಿದ್ದರು. ಗುರುಸ್ವಾಮಿ ಹಿಂದೆ ಕಂಬಕ್ಕೆ ಒರಗಿದ್ದ, ಅವತ್ತು ಅವನೂ ನಗಲಿಲ್ಲ. ಮಂಗಳಾ ನಲವತ್ತು ಚಿಲ್ಲರೆ ಸಾಲುಗಳನ್ನೂ ಓದಿದಳು. ಕೊನೆಯ ಮೂರು ಅವಳವು. ಅವನ್ನು ಓದುವಾಗ ಮಾತ್ರ ಅವಳ ದನಿ ನಡುಗಿತು. ಪ್ರಿನ್ಸಿಪಾಲರು ನನ್ನ ಕಿವಿಯಲ್ಲಿ, ನೋಡಿ, ಎಷ್ಟು ಭಾವುಕಳಾಗಿದ್ದಾಳೆ ಎಂದರು.

ಕಾರ್ಯಕ್ರಮ ಮುಗಿದ ಮೇಲೆ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ತನಕ ಅವಳ ಹಿಂದೆ ನಡೆದೆ. ಏನಾದರೂ ಹೇಳಬೇಕಿತ್ತು. ಹನೂರು ಬಸ್ಸು ಹೊರಡುವುದರಲ್ಲಿತ್ತು. ನೀನು ಬರೆಯುವುದನ್ನು ಬಿಡಬೇಡ, ಇವತ್ತಲ್ಲ ನಾಳೆ ನಿನ್ನ ಕೆಲಸವನ್ನು ಗುರುತಿಸುತ್ತಾರೆ ಎಂದೆ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು, ನನ್ನ ಶಾಲನ್ನೇ ನೋಡಿದಳು.

"ಬರಿಯಾಕಿಲ್ಲ ಸಾ. ಬರುದ್ರೆ ನಿಮ್ಗೆ ಒಂದು ಏರ್ತದೆ."

ಅವಳು ಮಾತಿನಂತೆ ನಡೆದಳು. ಅವಳ ಹೆಸರಿನ ಕೆಳಗೆ ಆಮೇಲೆ ಒಂದು ಲೇಖನವೂ ಬರಲಿಲ್ಲ. ನನ್ನ ಲೆಕ್ಕ ಮಾತ್ರ ನಿಲ್ಲಲಿಲ್ಲ. ನಿಮ್ಮ ಕೃತಿಯನ್ನು ಇನ್ನೊಬ್ಬರು ಉಲ್ಲೇಖಿಸಿದ್ದಾರೆ, ಅಭಿನಂದನೆಗಳು ಎಂದು ಆ ಯಂತ್ರ ಈಗಲೂ ಆಗಾಗ ಮೇಲ್ ಕಳಿಸುತ್ತದೆ. ಬರುವ ತನಕ ಬರುತ್ತದೆಂಬ ಚಿಂತೆ, ಬಂದ ಮೇಲೆ ತೆರೆಯಬೇಕಲ್ಲ ಎಂಬ ಚಿಂತೆ. ನನ್ನನ್ನು ಪ್ರತಿ ಜೂನ್‌ನಲ್ಲೂ ಮುಂದುವರಿಸುತ್ತಾರೆ. ಇಸ್ತ್ರಿ ಅಂಗಿಯ ಅಗತ್ಯವೂ ಈಗಿಲ್ಲ.

ಮೊನ್ನೆ ಬಸ್ಸಿನಲ್ಲಿ ಆ ವಾಸನೆ ಮೆಲ್ಲಗೆ ಮುಂದೆ ಸರಿಯುತ್ತ ಬಂದು ನನ್ನ ಸೀಟಿನ ಪಕ್ಕ ನಿಂತಿತು. ನಮ್ಮ ಕಡೆ ನಿಂತವರು ಕೂತವರ ತೊಡೆಯ ಮೇಲೆ ಗಂಟು ಇಡುವುದು ವಾಡಿಕೆ, ಕೇಳುವುದೂ ಇಲ್ಲ. "ಇಡ್ಕಳಿ ಸಾ" ಎಂಬ ಮಾತಿನ ಜೊತೆಗೇ ಒದ್ದೆ ಲಕ್ಕಿ ಸೊಪ್ಪಿನ ದೊಡ್ಡ ಕಟ್ಟು ನನ್ನ ಮಡಿಲಿಗೆ ಬಂತು.

ಮಂಗಳಾ. ಕೈ ಬಣ್ಣಗೆಟ್ಟಿತ್ತು, ಹಿಪ್ಪುನೇರಳೆಯ ಕರೆ ಉಗುರಿನ ಸಂದಿಯಲ್ಲಿ ಕೂತಿತ್ತು. ಕಂಡಕ್ಟರಿಗೆ ಕಾಮಗೆರೆ ಎಂದು ಹೇಳಿ ಟಿಕೆಟ್ ತೆಗೆದುಕೊಂಡು, ಮೇಲಿನ ಕಂಬಿ ಹಿಡಿದು ನಿಂತಳು. ಅವಳ ಮೊಣಕೈ ನನ್ನ ಮುಖದ ಹತ್ತಿರವೇ ತೂಗುತ್ತಿತ್ತು.

"ಎಷ್ಟಾಯ್ತು ಸಾ ಈಗ?" ಎಂದು ಕೇಳಿದಳು.

ಯಾವುದರ ವಿಚಾರ ಎಂದು ನಾನು ಕೇಳಲಿಲ್ಲ. ಅರವತ್ತು ದಾಟಿತು ಎಂದೆ. ಅವಳು ಹುಡುಗರ ಮಾರ್ಕ್ಸ್ ಕೇಳಿದ ಮೇಡಮ್ಮಿನ ಹಾಗೆ ತಲೆ ಆಡಿಸಿದಳು. ಅಮ್ಮ ಹೇಗಿದ್ದಾರೆ ಎಂದು ಕೇಳಿದೆ. ಕೈ ನಡುಗುತ್ತದೆ, ಹುಳುವಿಗೆ ಸೊಪ್ಪು ಹಾಕುವುದೆಲ್ಲ ತನ್ನದೇ, ಆದರೂ ದಿನಾ ಹುಳು ಮನೆಯ ಬಾಗಿಲಲ್ಲಿ ಕೂತಿರುತ್ತಾಳೆ ಎಂದಳು. ನಾನು ಮಡಿಲಲ್ಲಿದ್ದ ಕಟ್ಟನ್ನು ನೋಡಿದೆ. ನೀರು ನನ್ನ ಪ್ಯಾಂಟಿಗೆ ಇಳಿಯುತ್ತಿತ್ತು. ಬಾಣಂತಿ ಯಾರಾದರೂ ಇದ್ದಾರಾ ಮನೆಯಲ್ಲಿ ಎಂದೆ.

"ಇಲ್ಲ ಸಾ. ಅವ್ವನೇ ತರುಸ್ತಾಳೆ, ಹುಳು ಮನೆ ಬಾಗ್ಲಿಗೆ ಕಟ್ಟಕೆ."

"ಅದ್ರಿಂದ ಊಜಿ ನಿಲ್ಲಲ್ಲ ಅಂತ ನೀನು ಹೇಳ್ಲಿಲ್ವಾ?"

"ಏಳ್ದೆ. ನಾನು ಬರುದಿದ್ನೂ ಓದಿ ಏಳ್ದೆ." ಅವಳು ಕಿಟಕಿಯ ಕಡೆ ಬಗ್ಗಿ, ಊರು ಎಷ್ಟು ದೂರ ಬಂತು ಎಂದು ನೋಡಿದಳು. "ನಿಂಗೇನ್ ಗೊತ್ತು, ಮೇಷ್ಟ್ರು ಏಳವ್ರೆ ಅಂದ್ಲು."

ಬಸ್ಸು ಕಾಮಗೆರೆಯಲ್ಲಿ ನಿಂತಿತು. ಅವಳು ಇಳಿದು ಕಿಟಕಿಯ ಕೆಳಗೆ ಬಂದು ಕೈ ಚಾಚಿದಳು. ನಾನು ಕಿಟಕಿ ಸರಿಸಿ, ಕಟ್ಟನ್ನು ಮಳೆಗೆ ಒಡ್ಡಿ ಅವಳ ಕೈಗೆ ಕೊಟ್ಟೆ. ಒಂದು ದಿನ ಬಂದು ಅಮ್ಮನನ್ನು ನೋಡಿಕೊಂಡು ಹೋಗುತ್ತೇನೆ ಎಂದು ಬಾಯಿಗೆ ಬಂತು, ಅಂದುಬಿಟ್ಟೆ.

ಅವಳು ಕಟ್ಟನ್ನು ತಲೆಯ ಮೇಲೆ ಇಟ್ಟುಕೊಂಡು ಸರಿಮಾಡಿಕೊಂಡಳು.

"ಬರೋದಾದ್ರೆ ಮೊದಲೇ ಏಳಿ ಕಳ್ಸಿ ಸಾ" ಎಂದಳು. "ಅವ್ವ ಆರುಸಿ ಎಸುದು, ಸಾರ್ಸಿ ಇಟ್ಟಿರ್ತಾಳೆ."